ಕುಡಿಯದೆ ಬಿಟ್ಟ ನೀರು

ಹೋದ ವಾರ ಸೇಡಂನಲ್ಲಿ ಕಚೇರಿ ಬಿಟ್ಟು ಮನೆಗೆ ನಡೆದು ಹೋಗುತ್ತಿದ್ದೆ. ಒಂದು ಓಣಿಯಲ್ಲಿ ಯಾರೋ ಹೆಣ್ಣುಮಗಳು ಮನೆ ಮುಂದಿನ ಹಾಸುಗಲ್ಲಿನ ಮೇಲೆ ಬಕೆಟ್ ನೀರು ಸುರುವಿದಳು. ಮಧ್ಯಾಹ್ನದ ರಣಬಿಸಿಲು. ಕಾದ ಶಹಾಬಾದ್ ಕಲ್ಲಿಗೆ ನೀರು ಬಿದ್ದರೆ ಚುರ್ ಎನ್ನುತ್ತದೆ, ಆಮೇಲೆ ಒಂದು ವಾಸನೆ ಏಳುತ್ತದೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯಂಥದ್ದಲ್ಲ ಅದು. ಸುಣ್ಣ, ಧೂಳು, ಹಬೆ ಕೂಡಿದ, ಗಂಟಲು ಒಣಗಿಸುವ ವಾಸನೆ. ನನ್ನ ಕಾಲು ಅಲ್ಲೇ ನಿಂತುಬಿಟ್ಟವು. ಆ ಹೆಣ್ಣುಮಗಳು, "ಯಾಕ್ರಿ ಅಕ್ಕಾರ, ಚಕ್ಕರ ಬಂತೇನ್ರಿ? ನೆಳ್ಳಾಗ ಬರ್ರಿ, ಕುಂದ್ರಿ" ಎಂದು ಕರೆದಳು. ಏನಿಲ್ಲವೆಂದು ಕೈಯಾಡಿಸಿ ಮುಂದೆ ಹೋದೆ. ಏನಿಲ್ಲವೆಂದು ಹೇಳಿದ್ದು ಸುಳ್ಳು. ಚಿತ್ತಾಪುರದ ಆ ಬೇಸಿಗೆಯನ್ನು ನಾನು ಇನ್ನೂ ನುಂಗಿಕೊಂಡಿಲ್ಲ.

ಆಗ ನನಗೆ ಚಿತ್ತಾಪುರದ ತಹಶೀಲ್ ಕಚೇರಿಗೆ ವರ್ಗವಾಗಿತ್ತು. ನನ್ನೂರು ಚಿಂಚೋಳಿ ತಾಲ್ಲೂಕಿನ ಐನಾಪುರ. ದಿನಾ ಹೋಗಿ ಬರುವ ದೂರವಲ್ಲ. ಕಚೇರಿಯವರೊಬ್ಬರು ಗುಂಡೇರಾವ್ ಮಾಸ್ತರರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದರು. ಮಾಸ್ತರರು ಗಣಿತ ಕಲಿಸಿ ನಿವೃತ್ತರಾದವರು. ಶಹಾಬಾದಿನಲ್ಲಿ, ಚಿತ್ತಾಪುರದಲ್ಲಿ ಅರ್ಧ ಊರು ಅವರ ಕೈಯಲ್ಲಿ ಮಗ್ಗಿ ಕಲಿತಿತ್ತು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಬಿಳಿ ದೋತರ, ಇಸ್ತ್ರಿಯ ಅಂಗಿ, ಜೇಬಿನಲ್ಲಿ ಪೆನ್ನು. ಮನೆಯಲ್ಲಿ ಅವರ ಅಕ್ಕ ಅಂಬಾಬಾಯಿ ಇದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಮಾಸ್ತರರ ಹೆಂಡತಿ ತೀರಿಕೊಂಡ ಮೇಲೆ ಅವರ ಮಗ ರಾಘುವನ್ನು ಬೆಳೆಸಿದವರೂ ಅವರೇ. ರಾಘು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರ, ದಿನಾ ಹೋಗಿ ಬರುತ್ತಿದ್ದ. ಅವನ ಹೆಂಡತಿ ಮಕ್ಕಳು ಆ ಬೇಸಿಗೆ ರಜೆಗೆ ತವರಿಗೆ ಹೋಗಿದ್ದರು.

ಅಂಬಾಬಾಯಿ ಹಿಡಿ ಗಾತ್ರದ ಹೆಂಗಸು. ಆದರೆ ಆ ಮನೆ ನಡೆಯುತ್ತಿದ್ದದ್ದು ಅವರ ಮಡಿಯ ಸುತ್ತ. ಬೆಳಗ್ಗೆ ಅವರು ಮಡಿಯುಟ್ಟು ಬಾವಿಯ ನೀರು ಸೇದಿ ಹಂಡೆ ತುಂಬಿದರೆಂದರೆ ಆ ಹಂಡೆಯ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಒಳಗಿನ ಪಡಸಾಲೆ, ಅಡುಗೆಮನೆ, ದೇವರ ಕೋಣೆ ಎಲ್ಲ ಅವರ ಸೀಮೆ. ದಪ್ಪ ಗೋಡೆ, ಮೇಲೆ ಕಲ್ಲು ಹಾಸಿ ಮಣ್ಣು ಹೊದಿಸಿದ ಮಾಳಿಗೆ, ಹಾಗಾಗಿ ಒಳಗೆ ಒಂದಿಷ್ಟು ತಂಪು. ಮಾಸ್ತರರು ಮಾತ್ರ ಹಗಲೆಲ್ಲ ಮುಂದಿನ ತಗಡಿನ ಚಪ್ಪರದಲ್ಲಿ ಕೂಡುತ್ತಿದ್ದರು. ಟ್ಯೂಷನ್ ಹೇಳುವುದಕ್ಕೆಂದು ಹಿಂದೆ ಕಟ್ಟಿಸಿದ್ದ, ಮೂರು ಕಡೆ ಗೋಡೆಯ ಚಪ್ಪರ ಅದು. ಓಣಿಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ, ನಾಲ್ಕು ಮಾತಾಡಬಹುದು ಎಂಬ ಆಸೆ. ಅದರ ಪಕ್ಕದಲ್ಲೇ ಒಂದು ಮಲ್ಲಿಗೆ ಗಿಡ.

ಸಂಡಾಸ ಇದ್ದದ್ದು ಹಿತ್ತಲಿನ ಆ ತುದಿಗೆ. ಪಡಸಾಲೆ ದಾಟಿ, ನಾಲ್ಕು ಕಲ್ಲಿನ ಮೆಟ್ಟಿಲಿಳಿದು, ಬಾವಿಕಟ್ಟೆ ಬಳಸಿ ಹೋಗಬೇಕು. ಮನೆಯೊಳಗೆ ಒಂದು ಕಟ್ಟಿಸೋಣವೆಂದು ರಾಘು ಮಾತೆತ್ತಿದಾಗಲೆಲ್ಲ ಅಂಬಾಬಾಯಿ ಒಂದೇ ಉತ್ತರ ಕೊಡುತ್ತಿದ್ದರು.

"ದೇವರ ಗ್ವಾಡಿಗೆ ಹಚ್ಚಿ ಸಂಡಾಸ ಕಟ್ಟಸ್ತೀ? ನಾ ಹೋದ ಮ್ಯಾಲ ಏನರ ಮಾಡ್ಕೋ."

ಮಾಸ್ತರರು ನಗುತ್ತಿದ್ದರು. "ಬಿಡೋ ರಾಘು. ನಡದ್ರ ಕಾಲು ಗಟ್ಟಿ ಇರ್ತಾವ."

ಏಪ್ರಿಲ್ ಕಳೆಯುವಷ್ಟರಲ್ಲಿ ಬಿಸಿಲು ಹುಚ್ಚು ಹಿಡಿದ ಹಾಗೆ ಏರಿತು. ನಮ್ಮ ಕಡೆಯವರಿಗೆ ಬಿಸಿಲು ಹೊಸದಲ್ಲ. ಬೇಸಿಗೆಯಲ್ಲಿ ಕಚೇರಿಗಳ ವೇಳೆಯನ್ನೇ ಬದಲಿಸಿ ಮುಂಜಾನೆ ಎಂಟಕ್ಕೆ ಶುರು ಮಾಡಿ ಮಧ್ಯಾಹ್ನ ಒಂದೂವರೆಗೆ ಬಿಡುತ್ತಾರೆ. ಆದರೆ ಆ ವರ್ಷದ್ದು ಬೇರೆ. ಬಾಗಿಲ ಚಿಲಕ ಮುಟ್ಟಿದರೆ ಬೆರಳು ಸುಡುತ್ತಿತ್ತು. ನಳದ ನೀರು ಕೈ ತೊಳೆಯುವುದಕ್ಕೂ ಆಗದಷ್ಟು ಬಿಸಿ. ಸಂಜೆ ತಂಪಾದೀತು ಎಂದು ಕಾದರೆ ಹಗಲೆಲ್ಲ ಉಂಡ ಬಿಸಿಯನ್ನು ಕಲ್ಲುಗಳು ರಾತ್ರಿಯೆಲ್ಲ ಹೊರಗೆ ಬಿಡುತ್ತಿದ್ದವು. ಫ್ಯಾನಿನ ಕೆಳಗೆ ಮಲಗಿದರೆ ಒಲೆಯ ಮುಂದೆ ಮಲಗಿದ ಹಾಗೆ. ಪೇಪರಿನಲ್ಲಿ ಬಿಸಿಲಿಗೆ ಸತ್ತವರ ಸುದ್ದಿ ಬರುತ್ತಿತ್ತು. ಓದಿ ಅಯ್ಯೋ ಪಾಪ ಎನ್ನುತ್ತಿದ್ದೆವು. ಬಿಸಿಲು ಕೊಲ್ಲುವುದು ಹೊಲದಲ್ಲಿ, ಕಲ್ಲಿನ ಖಣಿಯಲ್ಲಿ, ರಸ್ತೆಯಲ್ಲಿ ಎಂದು ನಾವೆಲ್ಲ ನಂಬಿದ್ದೆವು. ಮನೆಯೊಳಗೆ ನೆರಳಿನಲ್ಲಿ ಕುಳಿತವರನ್ನು ಅದು ಹುಡುಕಿಕೊಂಡು ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ದಿನ ಓಣಿಯ ಆಶಾ ಕಾರ್ಯಕರ್ತೆ ಮಲ್ಲಮ್ಮ ಓಆರ್‌ಎಸ್ ಪೊಟ್ಟಣಗಳನ್ನು ಹಿಡಿದು ಬಂದಳು. ವಯಸ್ಸಾದವರಿರುವ ಮನೆಗಳಿಗೆಲ್ಲ ಹೋಗಿ ವಿಚಾರಿಸಿ ಬನ್ನಿ ಎಂದು ಮೇಲಿನವರು ಹೇಳಿದ್ದರಂತೆ. ನಾನೂ ಆಗಷ್ಟೇ ಕಚೇರಿಯಿಂದ ಬಂದು ಚಪ್ಪರದಲ್ಲಿ ನಿಂತಿದ್ದೆ.

"ಸರ್ರ, ದಿನಕ್ಕ ನೀರು ಎಷ್ಟು ಕುಡೀತೀರಿ?" ಎಂದು ಕೇಳಿದಳು ಮಲ್ಲಮ್ಮ.

"ಕೊಡಾನ ಖಾಲಿ ಮಾಡ್ತೀನವ್ವ," ಎಂದರು ಮಾಸ್ತರರು. "ನಮ್ಮಕ್ಕನ್ನ ಕೇಳು. ನನ್ನ ತಂಬಗಿ ತುಂಬಿ ತುಂಬಿ ಆಕಿ ಕೈ ಸೋತಾವ."

"ಖರೇನ," ಎಂದು ಒಳಗಿನಿಂದ ಅಂಬಾಬಾಯಿ ಸಾಕ್ಷಿ ಹೇಳಿದರು. "ಕುರ್ಚಿ ಕಡೆ ಒಂದು ತಂಬಗಿ, ಮಂಚದ ಕಡೆ ಒಂದು ತಂಬಗಿ. ನೋಡೋದ್ರಾಗ ಖಾಲಿ ಆಗಿರ್ತದ."

"ಮತ್ತ ನೀವ್ರಿ ಅಜ್ಜಿ? ಏಕಾದಶಿ ಮಾಡ್ತೀರಂತಲ್ಲ? ಈ ಬಿಸಲಾಗ ನೀರು ಬಿಟ್ರ ಜೀವ ಹೋಗ್ತದ್ರಿ."

"ಹೋಗಲಿ. ಏಕಾದಶಿ ದಿನಾನ ಹೋದ್ರ ಇನ್ನೂ ಛಲೋ."

"ನೋಡವ್ವ, ವೈಕುಂಠದ ಬಸ್ಸಿನ್ಯಾಗ ಈಗ್ಲೇ ಟಾವೆಲ್ ಹಾಕಿ ಸೀಟು ಹಿಡದಾಳ ನಮ್ಮಕ್ಕ," ಎಂದು ಮಾಸ್ತರರು ನಕ್ಕರು. ಮಲ್ಲಮ್ಮನೂ ನಕ್ಕಳು, ನಾನೂ ನಕ್ಕೆ. ಎರಡು ಪೊಟ್ಟಣ ಕೊಟ್ಟು ಅವಳು ಮುಂದಿನ ಮನೆಗೆ ಹೋದಳು.

ಅಂಬಾಬಾಯಿಯ ಏಕಾದಶಿಯದು ಹಣ್ಣು ಹಾಲಿನ ಉಪವಾಸವಲ್ಲ. ಒಂದು ಹನಿ ನೀರೂ ಇಲ್ಲ. ಮದುವೆಯಾದಾಗಿನಿಂದ ಹಿಡಿದ ವ್ರತ, ಒಮ್ಮೆಯೂ ತಪ್ಪಿಸಿದವರಲ್ಲ. ಮಾಸ್ತರರು ಮಾತ್ರ ಬಿ.ಪಿ. ಗುಳಿಗೆ ಶುರುವಾದ ಮೇಲೆ ಡಾಕ್ಟರ ಮಾತಿಗೆ ಉಪವಾಸ ಬಿಟ್ಟು, ಆ ದಿನ ಬಾಳೆಹಣ್ಣು, ಹಾಲು ತೆಗೆದುಕೊಳ್ಳುತ್ತಿದ್ದರು. ಹೀಗಾಗಿ ಜ್ಯೇಷ್ಠದ ಆ ನಿರ್ಜಲ ಏಕಾದಶಿ ಹತ್ತಿರ ಬಂದಂತೆ ಮನೆಯಲ್ಲಿ ಎಲ್ಲರ ಕಣ್ಣೂ ಅಂಬಾಬಾಯಿಯ ಮೇಲೆ. ಅಂದು ಮುಂಜಾನೆ ರಾಘು ವಾಡಿಗೆ ಹೊರಟವನು ಬಾಗಿಲಲ್ಲಿ ನಿಂತು ಅಂಗಲಾಚಿದ.

"ಅತ್ತಿ, ಒಂದು ಗ್ಲಾಸ ನೀರರ ಕುಡಿ. ದೇವರೇನು ಸಿಟ್ಟಾಗೂದಿಲ್ಲ."

"ನೀ ರೈಲ್ವೆದಾಂವ, ಗಾಡಿ ಮಾತಾಡು. ದೇವರ ಮಾತು ನನಗ ಬಿಡು."

ರಾಘು ನನ್ನ ಕಡೆ ತಿರುಗಿದ. "ಸುವರ್ಣಕ್ಕಾ, ಮಧ್ಯಾಹ್ನ ಬರ್ತೀರಲ್ಲ, ಅತ್ತಿ ಮ್ಯಾಲ ಒಂದು ಕಣ್ಣಿಡ್ರಿ. ಅಪ್ಪ ಅಂತೂ ಇದ್ದೇ ಇದ್ದಾರ."

"ನಾ ಕಾವಲು ಇರ್ತೀನಿ, ಹೋಗು," ಎಂದರು ಮಾಸ್ತರರು.

ಆ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಊರಲ್ಲಿ ಕರೆಂಟ್ ಹೋಯಿತು. ಕಚೇರಿಯಲ್ಲಿ ಕಾಗದ ಬೀಸಿಕೊಳ್ಳುತ್ತ ಕುಳಿತಿದ್ದು, ಬಿಟ್ಟೊಡನೆ ತಲೆಗೆ ಸೆರಗು ಸುತ್ತಿಕೊಂಡು ಮನೆಗೆ ಓಡಿದೆ. ಚಪ್ಪರದಲ್ಲಿ ಮಾಸ್ತರರು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು, ಎದೆಯ ಮೇಲೆ ಪೇಪರು. ಎಬ್ಬಿಸಬಾರದೆಂದು ಮೆಲ್ಲಗೆ ಒಳಗೆ ಹೋಗಿ ಪಡಸಾಲೆಯ ಹೊಸ್ತಿಲ ಹತ್ತಿರ ನಿಂತೆ. ಅಂಬಾಬಾಯಿ ದೇವರ ಕೋಣೆಯ ಮುಂದೆ ಬರಿ ನೆಲದ ಮೇಲೆ ಮಲಗಿದ್ದರು. ತುಟಿ ಬಿರಿದಿದ್ದವು. ಆದರೆ ಕಣ್ಣು ಚುರುಕಾಗಿದ್ದವು.

"ಇನ್ನೂ ಇದ್ದೀನಿ," ಎಂದರು ನನ್ನನ್ನು ನೋಡಿ. "ನಾಳೆ ಮುಂಜಾನೆ ಪಾರಣಿ ಮಾಡಿದ ಮ್ಯಾಲೇ ನನ್ನ ಚಿಂತಿ ಮಾಡ್ರಿ. ಗುಂಡ್ಯಾ ಏನ್ ಮಾಡ್ಲಿಕ್ಕತ್ತಾನ ನೋಡು. ಭಾಳ ಹೊತ್ತಾತು, ಅವನ ದನೀನೇ ಇಲ್ಲ."

ಹೊರಗೆ ಬಂದು, "ಸರ್ರ," ಎಂದೆ.

ಕಣ್ಣು ತೆರೆದರು. "ಘಂಟಿ ಹೊಡದ್ರೇನು?"

ಮಾಸ್ತರರು ಹೀಗೆ ತಮಾಷೆ ಮಾಡುತ್ತಿದ್ದದ್ದು ದಿನದ ಮಾತು. "ಹೊಡದ್ರಿ, ಸಾಲಿ ಬಿಟ್ಟಾರ," ಎಂದು ನಕ್ಕೆ. ಅವರು ನಗಲಿಲ್ಲ.

"ಏಳನೇ ಕ್ಲಾಸಿನ ಹುಡುಗೂರು ಎಲ್ಲಿ? ಯಾರು ಬಾಗಲಾ ಹಾಕಿದವ್ರು?" ಮಾತು ತೊದಲುತ್ತಿತ್ತು. ನನ್ನ ಮುಖ ನೋಡಿದರು, ಗುರುತು ಸಿಗಲಿಲ್ಲ.

ಆಗ ಕಂಡಿತು ನನಗೆ. ನನ್ನ ರವಿಕೆ ಬೆವರಿಗೆ ಬೆನ್ನಿಗಂಟಿತ್ತು, ಹಣೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಅವರ ಹಣೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಮುಖ ಕೆಂಪಗೆ, ಒಣಗಿ ಬಿಗಿದುಕೊಂಡಿತ್ತು. ಕೈ ಹಿಡಿದೆ. ರೊಟ್ಟಿಯ ಹಂಚು ಮುಟ್ಟಿದ ಹಾಗಾಯಿತು. ಜ್ವರದ ಮೈ ನಾನು ಮುಟ್ಟಿ ನೋಡಿದ್ದೇನೆ, ಅದು ಜ್ವರವಲ್ಲ. ಬದುಕಿರುವ ಮನುಷ್ಯನ ಮೈ ಅಷ್ಟು ಬಿಸಿಯಾಗಬಲ್ಲದೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ನಾನು ಏನೆಂದು ಕಿರುಚಿದೆನೋ ನೆನಪಿಲ್ಲ.

ಹಿಂದಿನ ದಿನದಿಂದ ನೀರು ಮುಟ್ಟದ ಅಂಬಾಬಾಯಿ ಎದ್ದು ಓಡಿ ಬಂದರು. ತಮ್ಮನ ಮುಖವನ್ನೊಮ್ಮೆ ನೋಡಿದರು, ಹಾಗೇ ಒಳಗೆ ಹೋದರು. ಮರುದಿನದ ಪಾರಣೆಗೆಂದು ಮಡಿಯಲ್ಲಿ ತುಂಬಿಟ್ಟಿದ್ದ ತಾಮ್ರದ ಹಂಡೆಯನ್ನು ನೆಲದ ಮೇಲೆ ದರದರನೆ ಎಳೆಯುತ್ತಿದ್ದ ಸದ್ದು ಕೇಳಿತು. ನಾನು ಹೊಸ್ತಿಲಲ್ಲೇ ನಿಂತೆ. ಅದನ್ನು ಮುಟ್ಟಬಾರದೆಂದು ನನ್ನ ಕೈಗೆ ರೂಢಿಯಾಗಿತ್ತು.

"ಎದಕ ನಿಂತೀ? ಮುಟ್ಟು! ಹಿಡಿ ಆ ಕಡೆ!"

ಇಬ್ಬರೂ ಕೂಡಿ ಹಂಡೆಯನ್ನು ಚಪ್ಪರಕ್ಕೆ ತಂದು ಮಾಸ್ತರರ ಮೇಲೆ ಸುರುವಿದೆವು. ನೆತ್ತಿಯ ಮೇಲೆ, ಎದೆಯ ಮೇಲೆ, ಕಾಲ ಮೇಲೆ. ನೀರು ಹರಿದು ಕಾದ ಹಾಸುಗಲ್ಲಿನ ಮೇಲೆ ಬಿತ್ತು. ಚುರ್ ಎಂದಿತು, ಆ ವಾಸನೆ ಎದ್ದಿತು. ಎದುರುಮನೆಯ ಮೈಬೂಬ ಆಟೋ ತಂದ. ಅವನೂ ಮಾಸ್ತರರ ಶಿಷ್ಯನೇ. ಅಂಬಾಬಾಯಿ, "ಒಳಗ ಬಾ, ಎತ್ತು, ಜಲ್ದಿ" ಎಂದು ಅವನ ತೋಳು ಹಿಡಿದು ಎಳೆದರು. ಆಟೋದಲ್ಲಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಒದ್ದೆ ಸೆರಗಿನಿಂದ ಅವರ ಮುಖ ಒರೆಸುತ್ತಿದ್ದರು.

ತಾಲ್ಲೂಕು ದವಾಖಾನೆಯಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಮಾಸ್ತರರನ್ನು ನೋಡಿದವರೇ ಅಂಗಿ ಕತ್ತರಿಸಿ ತೆಗೆಸಿದರು. ಒದ್ದೆ ಬಟ್ಟೆ ಹೊದಿಸಿ ಜನರೇಟರ್ ಹಾಕಿಸಿ ಫ್ಯಾನ್ ಹಚ್ಚಿಸಿದರು. ಮೈಬೂಬ ಸೋಡಾ ಅಂಗಡಿಯಿಂದ ಐಸ್ ಗಡ್ಡೆ ಹೊತ್ತು ತಂದ. ಅದನ್ನು ಒಡೆದು ಬಟ್ಟೆಯಲ್ಲಿ ಕಟ್ಟಿ ಕಂಕುಳಲ್ಲಿ, ಕತ್ತಿನ ಬದಿ ಇಟ್ಟರು. ಕೈಗೆ ಸಲೈನ್ ಹಚ್ಚಿದರು. ಮೂತ್ರಕ್ಕೆ ನಳಿಗೆ ಹಾಕಿದಾಗ ಚೀಲದೊಳಗೆ ಬಿದ್ದದ್ದು ಕಪ್ಪು ಚಹಾದಂಥ ಒಂದಿಷ್ಟು ಹನಿ.

"ಇವರೂ ಏಕಾದಶಿ ಮಾಡ್ಯಾರೇನ್ರಿ?" ಎಂದು ಡಾಕ್ಟರು ಕೇಳಿದರು.

"ಉಪವಾಸ ನಂದ್ರಿ," ಎಂದರು ಅಂಬಾಬಾಯಿ. "ಅವಂದಲ್ಲ."

ಡಾಕ್ಟರು ಅಕ್ಕನನ್ನೂ ತಮ್ಮನನ್ನೂ ಒಮ್ಮೆ ನೋಡಿದರು. "ಇವರ ಮೈಯಾಗ ನೀರೇ ಇಲ್ಲ ಅಜ್ಜಿ. ಒಂದು ದಿನದಾಗ ಹಿಂಗ ಆಗಂಗಿಲ್ಲ. ಭಾಳ ದಿನದಿಂದ ನೀರು ಕಮ್ಮಿ ಕುಡದಾರ. ಅದರಾಗ ಬಿ.ಪಿ.ದು ತಗೊಳ್ಳೋ ಗುಳಿಗಿ ಮೈಯಾಗಿನ ನೀರು ಹೊರಗ ಹಾಕೋ ಗುಳಿಗಿ. ತಗಡಿನ ಕೆಳಗ ಕುಂತಾರ, ಫ್ಯಾನೂ ಇಲ್ಲ. ವಯಸ್ಸಾದವರಿಗೆ ಬಾಯಾರಿಕಿನೂ ಸರಿಯಾಗಿ ತಿಳಿಯಂಗಿಲ್ಲ."

"ಹೆಂಗ ಸಾಧ್ಯ ಅದು?" ಅಂಬಾಬಾಯಿಯ ದನಿ ಏರಿತು. "ತಂಬಗಿ ತುಂಬಾ ನೀರು ಕುಡೀತಾನ. ನನ್ನ ಕೈಯಾರೆ ಇಡ್ತೀನಿ. ದಿನಾ ಖಾಲಿ ಆಗಿರ್ತದ. ಈಕಿನ್ನ ಕೇಳ್ರಿ!"

ನಾನು ಹೌದೆಂದು ತಲೆಯಾಡಿಸಿದೆ. ಖಾಲಿ ತಂಬಿಗೆಯನ್ನು ನಾನೂ ಕಂಡಿದ್ದೆ.

ವಾಡಿಯಿಂದ ರಾಘು ಗೆಳೆಯನ ಮೋಟರ್ ಸೈಕಲ್ ಹತ್ತಿ ಬಂದ. ಆತ ಮೊದಲು ಹಾಸಿಗೆಯ ಕಡೆ ನೋಡದೆ ಅಂಬಾಬಾಯಿಯನ್ನು ನೋಡಿದ. ಅವರು ನೆಟ್ಟಗೆ ನಿಂತಿದ್ದರು. ಹಾಗಾದರೆ ಮಲಗಿರುವವರು ಯಾರು ಎಂಬ ಗಾಬರಿ ಅವನ ಮುಖದಲ್ಲಿ ಮೂಡಿದ್ದನ್ನು ನಾನು ಮರೆತಿಲ್ಲ. ಫೋನಿನಲ್ಲಿ ಮೈಬೂಬ ಹೇಳಿದ್ದು ಅವನಿಗೆ ಸರಿಯಾಗಿ ಕೇಳಿಸಿರಲಿಲ್ಲ. ಅತ್ತೆಗೇ ಏನೋ ಆಯಿತೆಂದು ದಾರಿಯೆಲ್ಲ ಅಳುತ್ತ ಬಂದಿದ್ದನಂತೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಾಸ್ತರರನ್ನು ಕಲಬುರಗಿಗೆ ಒಯ್ದರು. ಅಂಬಾಬಾಯಿಯೂ ಹತ್ತಿ ಕುಳಿತರು. ಆ ದಿನ ಅವರು ನೀರು ಮುಟ್ಟಲಿಲ್ಲ. ಮರುದಿನ ಮುಂಜಾನೆ ದವಾಖಾನೆಯ ನಳದ ಕೆಳಗೆ ಕೈಯೊಡ್ಡಿ, ತುಳಸಿ ಇಲ್ಲ, ತೀರ್ಥ ಇಲ್ಲ, ಮೂರು ಬೊಗಸೆ ನೀರು ಕುಡಿದು ಪಾರಣೆ ಮಾಡಿದರೆಂದು ರಾಘು ಆಮೇಲೆ ಹೇಳಿದ.

ಮಾಸ್ತರರಿಗೆ ಎಚ್ಚರವಾಗಿದೆಯೆಂದು ಫೋನ್ ಬಂದಾಗ ಕಚೇರಿ ಮುಗಿಸಿ ಬಸ್ಸು ಹತ್ತಿದೆ. ನಾನು ಹೋದಾಗ ಗುರುತು ಹಿಡಿದರು. "ಕಾವಲುಗಾರನ್ನ ಕಾಯೋದಾತು ನೋಡವ್ವ," ಎಂದರು. ದನಿ ತೀರಾ ಸಣ್ಣಗಾಗಿತ್ತು. ಮೂತ್ರಪಿಂಡ ಕೆಲಸ ನಿಲ್ಲಿಸಿವೆ ಎಂದು ರಾಘು ಹೊರಗೇ ನನಗೆ ಹೇಳಿದ್ದ. ಅಂಬಾಬಾಯಿ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದರು. ಅವರಿಗೆ ಒಂದೇ ಮಾತು ಕೊರೆಯುತ್ತಿತ್ತು. ತಮ್ಮನಿಗೆ ಮಾತಾಡುವ ಶಕ್ತಿ ಬರಲೆಂದು ಕಾದಿದ್ದವರು ಆಗ ಕೇಳಿಬಿಟ್ಟರು.

"ಗುಂಡ್ಯಾ, ನೀ ನೀರೇ ಕುಡದಿಲ್ಲ ಅಂತಾರಲ್ಲೋ ಡಾಕ್ಟರು. ನಾ ಇಟ್ಟ ನೀರೆಲ್ಲಾ ಎಲ್ಲಿ ಹೋತೋ?"

ಮಾಸ್ತರರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ಮಲ್ಲಿಗಿ ಗಿಡಕ್ಕ ಹಾಕ್ತಿದ್ದೆ ಅಕ್ಕಾ," ಎಂದರು.

"ಯಾಕೋ?"

"ಮಳಿಗಾಲದಾಗ ಮೆಟ್ಟಲ ಮ್ಯಾಲ ಜಾರಿ ಬಿದ್ದಿದ್ದೆ ನೋಡು, ಅವಾಗಿಂದ ಅಂಜಿಕಿ ಹತ್ತಿತು. ಒಂದಕ್ಕ ಬಂದ್ರ ತಡಕೊಳ್ಳಲಿಕ್ಕೂ ಆಗ್ತಿರಲಿಲ್ಲ. ಹಿತ್ತಲಾ ಮುಟ್ಟೋದ್ರೊಳಗ ಎರಡು ಸಲ ದೋತರ ಹಸಿ ಆತು. ಯಾರಿಗೂ ಕಾಣದಂಗ ನಾನೇ ಹಿಂಡಿ ಒಣಗಹಾಕಿದೆ. ನೀರು ಕುಡೀದಿದ್ರ ಆ ತ್ರಾಸ ಇರಲಿಲ್ಲ."

"ನನಗ ಹೇಳಬಾರದೇನೋ?"

"ಹೆಂಗ ಹೇಳ್ಲಿ ಅಕ್ಕಾ? ನೀ ನನಗ ಚಡ್ಡಿ ತೊಡಸಿ ಬೆಳಸಿದಾಕಿ. ಮುದುಕ ಆದ ಮ್ಯಾಲ ಮತ್ತ ತೊಡಸು ಅನ್ಲೇನು?"

ಅಂಬಾಬಾಯಿ ಎದ್ದು ಹೋಗಿ ತಮ್ಮನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿದೆ. ಆ ಸುಡು ಬೇಸಿಗೆಯಲ್ಲಿ ಓಣಿಯ ಗಿಡಗಳೆಲ್ಲ ಒಣಗಿ ಕಡ್ಡಿಯಾದಾಗ ಆ ಮಲ್ಲಿಗೆ ಮಾತ್ರ ಹಸಿರಾಗಿ ಮೈತುಂಬ ಹೂ ಬಿಟ್ಟಿತ್ತು. ಅಂಬಾಬಾಯಿ ದಿನಾ ದೇವರಿಗೆ ಏರಿಸಿ, ಉಳಿದದ್ದನ್ನು ಕಟ್ಟಿ ನನಗೆ ಕೊಡುತ್ತಿದ್ದರು. ಆ ಹೂ ಮುಡಿದು ನಾನು ದಿನಾ ಕಚೇರಿಗೆ ಹೋಗಿದ್ದೆ. ಕೈ ತಂತಾನೇ ಜಡೆಯ ಕಡೆ ಹೋಯಿತು.

ಮಾಸ್ತರರು ಉಳಿಯಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮುಂಚೆಯೇ ಹೋದರು. ಅವರನ್ನು ಚಿತ್ತಾಪುರಕ್ಕೆ ತಂದ ದಿನ ಓಣಿ ತುಂಬ ಅವರ ಶಿಷ್ಯರು. ನೆರೆದವರ ಬಾಯಲ್ಲೆಲ್ಲ ಒಂದೇ ಪ್ರಶ್ನೆ: "ಉಪವಾಸ ಮಾಡಾಕಿ ಅಕ್ಕ, ಹೋದವರು ಮಾಸ್ತರ್ರು, ಇದೆಂಥಾ ಮಾತ್ರಿ?" ಯಾರಿಗೂ ಅರ್ಥವಾಗಿರಲಿಲ್ಲ. ಅತ್ತೆಯಿಂದ ತಿಳಿದುಕೊಂಡ ರಾಘುವೂ ಸೇರಿ ಅರ್ಥವಾಗಿದ್ದ ನಾವು ಮೂವರು ಬಾಯಿ ಬಿಡಲಿಲ್ಲ. ಮಾಸ್ತರರ ಮಾನ ಕಾಯಬೇಕೆಂದು ನನಗೂ ರಾಘುವಿಗೂ ಅನ್ನಿಸಿತ್ತು.

ಅಂಬಾಬಾಯಿಗೆ ಹಾಗನ್ನಿಸಲಿಲ್ಲ. ದಿನ ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮುಂಜಾನೆ ಮನೆ ಕಟ್ಟುವ ಗೌಂಡಿಯನ್ನು ಕರೆಸಿದರು. ಪಡಸಾಲೆಯ ಮೂಲೆಯಲ್ಲಿ, ದೇವರ ಕೋಣೆಯ ಗೋಡೆಗೆ ಹತ್ತಿಕೊಂಡಿದ್ದ ಜಾಗ ತೋರಿಸಿ, ಇಲ್ಲಿ ಸಂಡಾಸ ಆಗಬೇಕು ಎಂದರು. ಕೂಡುವಂಥ ಕಮೋಡು, ಹಿಡಿದುಕೊಳ್ಳಲು ಗೋಡೆಗೊಂದು ಸರಳು, ಕಾಲು ಜಾರದ ಖರಬರಿ ಕಲ್ಲು. ಗೌಂಡಿ ಹಿಂದೆ ಮುಂದೆ ನೋಡಿದ.

"ಅವ್ವಾರ, ಇದು ದೇವರ ಗ್ವಾಡಿರಿ."

"ನನಗ ಗೊತ್ತದ. ದೇವರಿಗೆ ನಾ ಹೇಳ್ಕೋತೀನಿ. ನೀ ಗುದ್ದಲಿ ಹಾಕು."

ರಾಘು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಇನ್ಯಾರಿಗೆ ಅತ್ತಿ ಇದು?" ಎಂದ.

"ನನಗ. ನಾನೂ ಮುದುಕಿನೇ ಅಲ್ಲೇನು? ಒಬ್ಬನ್ನ ನನ್ನ ಮಡಿ ನುಂಗಿತು," ಎಂದರು ಅಂಬಾಬಾಯಿ. ಗುದ್ದಲಿಯ ಮೊದಲ ಏಟಿಗೆ ಅವರ ಕಣ್ಣೆವೆ ಒಮ್ಮೆ ಮುಚ್ಚಿ ತೆರೆದವು, ಅಷ್ಟೇ. ಆಮೇಲೆ ಬಂದ ಏಕಾದಶಿಗಳಲ್ಲಿ ಊಟ ಬಿಟ್ಟರು, ನೀರು ಬಿಡಲಿಲ್ಲ. ಅದನ್ನು ಯಾರಿಗೂ ಸಾರಲಿಲ್ಲ, ಮುಚ್ಚಿಡಲೂ ಇಲ್ಲ.

ನಮ್ಮ ಓಣಿಯ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಂಜೆ ವಯಸ್ಸಾದ ಹೆಂಗಸರು ಕೂಡುತ್ತಿದ್ದರು. ಬೇರೆ ಬೇರೆ ಮನೆಯವರು, ಬೇರೆ ಬೇರೆ ಜಾತಿಯವರು. ಅಂಬಾಬಾಯಿ ಎಂದೂ ಅಲ್ಲಿ ಕುಳಿತವರಲ್ಲ. ಒಂದು ಸಂಜೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಅವರ ನಡುವೆ ಕುಳಿತರು. ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು. ಮಾಸ್ತರರ ಗುಣಗಾನ ಶುರುವಾಯಿತು. ಅಂಬಾಬಾಯಿ ಕೈಯೆತ್ತಿ ತಡೆದರು.

"ನಮ್ಮ ಗುಂಡ್ಯಾ ಹೆಂಗ ಹೋದ ಅಂತ ಹೇಳ್ತೀನಿ, ಕೇಳ್ರಿ," ಎಂದರು. ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದರು. ಹಿತ್ತಲು, ಮೆಟ್ಟಿಲು, ದೋತರ, ಮಲ್ಲಿಗೆ ಗಿಡ. ಹೇಳಿ ಮುಗಿಸಿ, "ಈಗ ನೀವು ಹೇಳ್ರಿ. ನಿಮ್ಮೊಳಗ ಯಾರ್ಯಾರು ನೀರು ಬಿಟ್ಟೀರಿ?" ಎಂದು ಕೇಳಿದರು.

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಗು ನಿಂತಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಆ ಪ್ರಶ್ನೆಯೇ ಅತಿಯಾಯಿತು ಎಂದುಕೊಳ್ಳುತ್ತಿದ್ದಾಗ ಗಾಣಿಗರ ಮನೆಯ ಶಂಕ್ರಮ್ಮ ಮೆಲ್ಲಗೆ ಬಾಯಿ ಬಿಟ್ಟಳು.

"ನಾ ದೀಪಾ ಹಚ್ಚಿದ ಮ್ಯಾಲ ಮುಟ್ಟಂಗಿಲ್ಲವ್ವ. ಎದ್ರ ಸೊಸಿನ್ನ ಎಬ್ಬಸಬೇಕು. ಆಕಿ ಮುಂಜಾನೆದ್ದು ದುಡಿಯಾಕ ಹೋಗಾಕಿ."

"ನನ್ನ ಮಣಕಾಲು ಮಡಚಂಗಿಲ್ಲ," ಎಂದಳು ಅವಳ ಪಕ್ಕದವಳು. "ಕುಂತ್ರ ಏಳಾಕ ಬರಂಗಿಲ್ಲ. ಒಮ್ಮಿ ಅಲ್ಲೇ ಎಷ್ಟೋ ಹೊತ್ತು ಕುಂತುಬಿಟ್ಟಿದ್ದೆ, ಯಾರನ್ನ ಕರೀಲಿ? ಅವತ್ತಿಂದ ಎರಡ ಗುಟುಕು, ಗುಳಿಗಿ ನುಂಗಾಕಷ್ಟ."

"ನಮ್ಮಲ್ಲಿ ಬಾಗಲಕ್ಕ ಚಿಲಕಾನ ಇಲ್ರಿ. ಗಂಡಮಕ್ಕಳೆಲ್ಲ ಹೊರಗ ಹೋಗೋತನಕ ನಾ ಬಾಯಿ ಹಸಿ ಮಾಡಂಗಿಲ್ಲ."

"ಮಗಳ ಊರಿಗೆ ಬಸ್ಸಿಗೆ ಹೋಗೋದಿದ್ರ ನಾ ಹಿಂದಿನ ದಿನದಿಂದನ ಬಿಡ್ತೀನಿ."

ಒಬ್ಬರಾದ ಮೇಲೆ ಒಬ್ಬರು. ಕಟ್ಟೆಯ ಆ ತುದಿಯವರೆಗೂ ಮಾತು ಹೋಯಿತು. ಇಲ್ಲವೆಂದವರು ಯಾರೂ ಇರಲಿಲ್ಲ. ಅಲ್ಲಿ ಕುಳಿತವರ ತುಟಿಗಳನ್ನು ಆಗ ನೋಡಿದೆ. ಬೇಸಿಗೆ ಮುಗಿದಿದ್ದರೂ ಎಲ್ಲರ ತುಟಿಯೂ ಬಿರಿದಿತ್ತು. ದಿನಾ ಅದೇ ಕಟ್ಟೆಯ ಮುಂದೆ ಹಾದುಹೋಗುತ್ತಿದ್ದೆ, ಬೇಸಿಗೆಗೆ ಹಾಗಾಗುತ್ತದೆ ಎಂದುಕೊಂಡಿದ್ದೆ. ಮನೆಮನೆಯಲ್ಲಿ ಕೊಡ ತುಂಬಿತ್ತು. ಯಾರೂ ಯಾರಿಗೂ ನೀರು ಬೇಡ ಎಂದಿರಲಿಲ್ಲ. ಆದರೂ ಒಂದು ಓಣಿಯ ಮುದುಕರೆಲ್ಲ ಆ ಬೆಂಕಿಯಂಥ ಬಿಸಿಲಲ್ಲಿ ತಾವಾಗಿ ಬಾಯಾರಿ ಕುಳಿತಿದ್ದರು. ಅವರ ಜೊತೆ ಒಂದೇ ಸೂರಿನಡಿ ಇದ್ದ ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಹಂಗಾದ್ರ ನಮ್ಮ ಗುಂಡ್ಯಾ ಒಬ್ಬನೇ ಅಲ್ಲ," ಎಂದರು ಅಂಬಾಬಾಯಿ. ಮಾಸ್ತರರು ತೀರಿಕೊಂಡ ಮೇಲೆ ಅವರು ಗಟ್ಟಿಯಾಗಿ ಅತ್ತದ್ದನ್ನು ನಾನು ನೋಡಿದ್ದು ಆ ಕಟ್ಟೆಯ ಮೇಲೆಯೇ.

ಆ ಭಾನುವಾರ ನಾನು ಐನಾಪುರಕ್ಕೆ ಹೋದೆ. ಸೇಡಂಗೆ ಒಂದು ಬಸ್ಸು, ಚಿಂಚೋಳಿಗೆ ಒಂದು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಆ ಹೆಂಗಸರ ಮಾತೇ ಕಿವಿಯಲ್ಲಿ. ಅವ್ವ ಅಣ್ಣನ ಮನೆಯಲ್ಲಿದ್ದಾಳೆ, ಮಕ್ಕಳು ಮೊಮ್ಮಕ್ಕಳು ಸುತ್ತ ಇದ್ದಾರೆ, ಅಣ್ಣ ವೈನಿ ಇಬ್ಬರೂ ಬಂಗಾರದಂಥವರು. ಅವ್ವನಿಗೇನು ಕಡಿಮೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆ ಮುಟ್ಟಿದವಳು ಮೊದಲು ಹಿಂದಕ್ಕೆ ಹೋಗಿ ನೋಡಿದೆ. ಕಟ್ಟಿಸಿ ಎಷ್ಟೋ ವರ್ಷವಾಗಿದ್ದ ಸಂಡಾಸದ ಬಾಗಿಲಿಗೆ ಅಡ್ಡವಾಗಿ ತೊಗರಿ ಕಟ್ಟಿಗೆ ಒಟ್ಟಿದ್ದರು. ಎಲ್ಲರೂ ಹೊಲದ ಕಡೆಗೇ ಹೋಗುತ್ತಿದ್ದರು. ಹೊಲಕ್ಕೆ ಹೋಗುವುದೆಂದರೆ ಹಳ್ಳ ದಾಟಬೇಕು.

ಅವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ವೈನಿ ತುಂಬಿಟ್ಟ ನೀರಿನ ಚರಿಗೆ. ಅದರ ಅಂಚಿನವರೆಗೂ ನೀರಿತ್ತು. ನಾನು ಹತ್ತಿರ ಕುಳಿತೆ. ಅವಳ ಮುಂಗೈಯ ಚರ್ಮವನ್ನು ಬೆರಳಲ್ಲಿ ಮೆಲ್ಲಗೆ ಹಿಡಿದೆತ್ತಿ ಬಿಟ್ಟೆ. ನೀರು ಕಡಿಮೆಯಾದ ಮೈಯ ಚರ್ಮದ ಹಾಗೆ ಅದು ಎತ್ತಿದಂತೆಯೇ ನಿಂತಿತು.

"ಅವ್ವ, ಹೊರಗ ಹೋಗೋದು ತ್ರಾಸ ಆಗ್ತದಂತ ನೀ ನೀರು ಕುಡಿಯೋದು ಬಿಟ್ಟೀಯೇನು?"

ಮೊರದೊಳಗೆ ಆಡುತ್ತಿದ್ದ ಅವಳ ಬೆರಳುಗಳು ನಿಂತವು. ವೈನಿಗೆ ಕೇಳಿಸಿತೋ ಏನೋ ಎಂದು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದಳು.

"ನಿನಗ ಯಾರು ಹೇಳಿದ್ರು?"